ಮೂರನೆಯ ಕಣ್ಣು: ಒಂದು ರೂಪಕದ ವಿಮರ್ಶೆ

ಬೀದಿಯ ಕಂಬಗಳ ಮೇಲೆ ಪೋಲೀಸಿನವರು ನಿಲ್ಲಿಸಿರುವ ಕ್ಯಾಮರಾಗಳನ್ನು ಕುರಿತು ಬರೆಯುವಾಗ ನಮ್ಮ ಪತ್ರಿಕೆಗಳು ‘ನಗರದ ಮೇಲೆ ಮೂರನೆಯ ಕಣ್ಣು’ ಎನ್ನುವುದು ವಾಡಿಕೆಯಾಗಿದೆ. ಮಾತು ಸೊಗಸಾಗಿದೆ, ತಲೆಬರಹಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ರೂಪಕವೆಂಬುದು ಬರಿಯ ಅಲಂಕಾರವಲ್ಲ. ಒಂದರ ಗುಣವನ್ನು ಇನ್ನೊಂದಕ್ಕೆ ಕಡ ಕೊಡುವ ವ್ಯವಹಾರ. ಆ ಕಡ ನ್ಯಾಯವಾದುದೇ ಎಂದು ಲೆಕ್ಕ ನೋಡುವುದು ವಿಮರ್ಶೆಯ ಕೆಲಸಗಳಲ್ಲಿ ಒಂದು.

ಶಿವನ ಹಣೆಗಣ್ಣು ಸದಾ ಮುಚ್ಚಿರುವ ಕಣ್ಣು. ಅದು ತೆರೆದದ್ದು ಅಪರೂಪಕ್ಕೆ. ತೆರೆದಾಗ ಅದು ಯಾರ ಕಣ್ಣು, ಏಕೆ ತೆರೆಯಿತು ಎಂಬುದು ಸುಟ್ಟುಹೋದ ಮನ್ಮಥನಿಗೂ ಗೊತ್ತಿತ್ತು. ಕಂಬದ ಮೇಲಿನ ಕಣ್ಣಾದರೋ ರೆಪ್ಪೆಯಿಲ್ಲದ್ದು. ಅದರ ಹಿಂದೆ ಕುಳಿತವರಾರು ಎಂದು ಕೆಳಗೆ ನಡೆದುಹೋಗುವವನು ಅರಿಯ. ಅದು ಸುಡುವುದಿಲ್ಲ, ಕೂಡಿಡುತ್ತದೆ. ಬೆಂಗಳೂರಿನಲ್ಲಿ ‘ಸೇಫ್ ಸಿಟಿ’ ಯೋಜನೆಯೊಂದರಲ್ಲಿಯೇ ಇಂಥ 7,000ಕ್ಕೂ ಹೆಚ್ಚು ಕಣ್ಣುಗಳಿವೆ. ಇದಲ್ಲದೆ ಜನ ಸೇರುವ ಸಂಸ್ಥೆಗಳು ತಾವೂ ಕ್ಯಾಮರಾ ಇಟ್ಟು 30 ದಿನಗಳ ಚಿತ್ರಗಳನ್ನು ಕಾಪಾಡಿಕೊಂಡಿರಬೇಕೆಂದು 2017ರ ಕರ್ನಾಟಕದ ಸಾರ್ವಜನಿಕ ಸುರಕ್ಷತೆಯ ಕಾಯಿದೆ ವಿಧಿಸುತ್ತದೆ.

ಆದುದರಿಂದ ಇದಕ್ಕೆ ಒಪ್ಪುವ ಹೋಲಿಕೆಯನ್ನು ಪುರಾಣದಲ್ಲಲ್ಲ, ರಾಜನೀತಿಯಲ್ಲಿ ಹುಡುಕಬೇಕು. ಹಿಂದಿನವರು ಅರಸನನ್ನು ‘ಚಾರಚಕ್ಷು’ ಎಂದರು: ಗೂಢಚಾರರೇ ಅವನ ಕಣ್ಣು. ಸಂನ್ಯಾಸಿ, ವ್ಯಾಪಾರಿ, ಒಕ್ಕಲಿಗ ಮೊದಲಾದವರ ವೇಷದಲ್ಲಿ ಗೂಢಚಾರರನ್ನು ಊರೊಳಗೆ ನೆಲೆಗೊಳಿಸುವ ಕ್ರಮವನ್ನು ಕೌಟಿಲ್ಯ ಬಿಡಿಸಿ ಹೇಳಿದ್ದಾನೆ. ಆ ಕಣ್ಣು ಎಲ್ಲಿಗೆ ಒಯ್ಯಬಲ್ಲುದು ಎಂಬುದನ್ನು ಕನ್ನಡಿಗರು ಶತಮಾನಗಳಿಂದ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಓದಿ, ಗಮಕಿಗಳಿಂದ ಕೇಳಿ, ಕಣ್ಣೀರಿಟ್ಟಿದ್ದಾರೆ. ಅಗಸನೊಬ್ಬ ತನ್ನ ಮನೆಯ ಜಗಳದಲ್ಲಿ ಆಡಿದ ಮಾತು; ಅದು ಚಾರನ ಮೂಲಕ ಅರಮನೆಗೆ ಬಂತು. ಸುದ್ದಿಯಲ್ಲಿ ಸುಳ್ಳಿರಲಿಲ್ಲ, ಆ ಮಾತನ್ನು ಅವನು ಆಡಿದ್ದು ನಿಜವೇ. ಆದರೆ ಮನೆಯ ಗೋಡೆಯೊಳಗೆ ಹುಟ್ಟಿ ಅಲ್ಲಿಯೇ ಆರಿಹೋಗಬೇಕಾಗಿದ್ದ ಕೋಪದ ನುಡಿ ರಾಜಕಾರಣದ ವಿಷಯವಾಯಿತು. ದಂಡನೆ ಬಿದ್ದದ್ದು ಯಾರ ಮೇಲೆ? ಆಡಿದವನ ಮೇಲಲ್ಲ, ತಂದವನ ಮೇಲಲ್ಲ. ಏನನ್ನೂ ಅರಿಯದ ತುಂಬು ಬಸುರಿ ಸೀತೆಯ ಮೇಲೆ. ಸೀತಾಪರಿತ್ಯಾಗವನ್ನು ನಾವು ಕರುಣರಸದ ದೃಷ್ಟಿಯಿಂದ ಬೇಕಾದಷ್ಟು ಕೊಂಡಾಡಿದ್ದೇವೆ. ಚಾರನ ಪಾತ್ರವನ್ನು ಮಾತ್ರ ಕಥೆಯ ಸಲಕರಣೆಯೆಂದು ದಾಟಿಹೋಗಿದ್ದೇವೆ. ಅರಸ ರಾಮನಂಥವನಾಗಿದ್ದಾಗಲೇ ಹೀಗಾಯಿತೆಂಬುದನ್ನು ಮರೆಯಬಾರದು.

ನಮ್ಮ ನ್ಯಾಯಾಲಯಗಳೂ ಈ ಪ್ರಶ್ನೆಯೊಡನೆ ಬಹುಕಾಲ ಹೆಣಗಿವೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತ ಡಕಾಯಿತಿಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಯಾದರೂ ಪೋಲೀಸಿನವರು ರಾತ್ರಿ ಬಂದು ಅವನ ಕದ ತಟ್ಟುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ಕದ ತಟ್ಟುವುದನ್ನು ನಿಲ್ಲಿಸಿತು. ಆದರೆ ಹೊರಗೆ ನಿಂತು ಕಾಯುವುದನ್ನು ಒಪ್ಪಿತು. ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲವೆಂಬುದು ಬಹುಮತದ ಅಭಿಪ್ರಾಯ. ನ್ಯಾಯಮೂರ್ತಿ ಸುಬ್ಬರಾವ್ ಮತ್ತು ನ್ಯಾಯಮೂರ್ತಿ ಷಾ ಭಿನ್ನಮತ ಬರೆದರು. ಅವರ ನಿಲುವಿಗೆ ಮನ್ನಣೆ ದೊರೆಯಲು 2017 ಬರಬೇಕಾಯಿತು. ಆ ವರ್ಷದ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. ಆ ಮೊಕದ್ದಮೆ ಹೂಡಿದ ಹಿರಿಯರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡ ನಾಡಿಗೆ ಸಂತೋಷದ ಸಂಗತಿ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಬೆಂಗಳೂರಿನ ಯೋಜನೆಗೆ ಹಣ ಬಂದದ್ದು 2012ರ ದೆಹಲಿಯ ದುರಂತದ ನಂತರ ಹುಟ್ಟಿದ ನಿರ್ಭಯಾ ನಿಧಿಯಿಂದ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಕಂಬದ ಮೇಲಿನ ಕಣ್ಣು ಧೈರ್ಯ ಕೊಟ್ಟರೆ ಅದನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ. ಅಪರಾಧಿಯ ಜಾಡು ಹಿಡಿಯಲು ಈ ಚಿತ್ರಗಳು ನೆರವಾಗುವುದೂ ಉಂಟು. ಆದರೆ ಸ್ಥಳವನ್ನು ಕಾಯುವುದು ಬೇರೆ, ಅಲ್ಲಿ ನಡೆಯುವ ಪ್ರತಿಯೊಂದು ಮುಖಕ್ಕೂ ಹೆಸರು ಹಚ್ಚುವುದು ಬೇರೆ. ದೆಹಲಿಯ ಪೋಲೀಸಿನವರು ಯಂತ್ರ ತೋರಿಸುವ ಹೋಲಿಕೆ ನೂರಕ್ಕೆ 80ರ ಮೇಲಿದ್ದರೆ ಅದನ್ನು ಸರಿಯಾದ ಗುರುತೆಂದು ಎಣಿಸುತ್ತಾರೆಂದು 2022ರಲ್ಲಿ ಅವರೇ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರಿಸಿದ್ದರು. ಬ್ರಿಟನ್ನಿನಲ್ಲಿ ಸೌತ್ ವೇಲ್ಸ್ ಪೋಲೀಸರು ಮುಖ ಗುರುತಿಸುವ ಯಂತ್ರವನ್ನು ಬಳಸಿದ ರೀತಿ ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು. ಯಾರನ್ನು, ಎಲ್ಲಿ ನೋಡಬೇಕೆಂಬುದನ್ನು ಪೋಲೀಸರ ಇಚ್ಛೆಗೇ ಬಿಟ್ಟದ್ದು ಅಲ್ಲಿ ಕಂಡ ದೋಷಗಳಲ್ಲಿ ಒಂದು. ನಮ್ಮ 2023ರ ದತ್ತಾಂಶ ರಕ್ಷಣೆಯ ಕಾಯಿದೆಯಾದರೋ ಕೇಂದ್ರ ಸರ್ಕಾರವು ತನಗೆ ಬೇಕೆಂದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಬಾಗಿಲು ತೆರೆದಿಟ್ಟಿದೆ.

ಈ ಮಾತೆತ್ತಿದವರಿಗೆ ಸಿದ್ಧವಾಗಿರುವ ಉತ್ತರ ಒಂದು ಗಾದೆ: ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ.’ ತಪ್ಪು ಮಾಡದವನಿಗೆ ಭಯವೇಕೆ ಎಂದು ಅದರ ತಾತ್ಪರ್ಯ. ಗಾದೆಯೂ ಇಲ್ಲಿ ರೂಪಕದಂತೆಯೇ ಮೋಸಮಾಡುತ್ತದೆ. ಯಾರೋ ನೋಡುತ್ತಿದ್ದಾರೆಂದು ತಿಳಿದ ಮೇಲೆ ಕಳ್ಳನಲ್ಲದವನ ಕೈಯೂ ಹೆಗಲಿಗೆ ಹೋಗುತ್ತದೆ. ಮೆರವಣಿಗೆಗೆ ಹೊರಟವನು ಹಿಂದೆಗೆಯುತ್ತಾನೆ; ವೈದ್ಯರ ಮನೆಗೋ ವಕೀಲರ ಮನೆಗೋ ಹೋಗುವವಳು ಸೆರಗು ಮುಂದೆಳೆದುಕೊಳ್ಳುತ್ತಾಳೆ. ಅಪರಾಧವಿಲ್ಲದೆಯೇ ನಾಚಿಕೆ ಹುಟ್ಟುವುದು ನಾಗರಿಕ ಜೀವನಕ್ಕೆ ಸಣ್ಣ ನಷ್ಟವಲ್ಲ.

‘ಖಾಸಗಿ’ ಎಂಬುದು ಹೊರಗಿನಿಂದ ಬಂದ ಮಾತು, ಆ ಕಲ್ಪನೆಯೇ ನಮ್ಮದಲ್ಲ ಎನ್ನುವವರಿದ್ದಾರೆ. ಅವರು ‘ಮರೆ’ ಎಂಬ ನಮ್ಮ ಹಳೆಯ ಮಾತನ್ನು ನೆನೆಯಬೇಕು. ಕಣ್ಣಿಗೆ ಅಡ್ಡವಾದ ತೆರೆಗೂ ಮರೆಯೆನ್ನುತ್ತೇವೆ. ಮರೆಹೊಕ್ಕವರನ್ನು ಕಾಯುವುದು ಧರ್ಮವೆಂದೂ ಹೇಳುತ್ತೇವೆ. ತೆರೆಗೂ ಆಶ್ರಯಕ್ಕೂ ಒಂದೇ ಶಬ್ದವನ್ನು ಇಟ್ಟುಕೊಂಡ ಜನ ನಾವು. ಕ್ಯಾಮರಾಗಳನ್ನು ಕಿತ್ತೆಸೆಯಿರೆಂದು ಯಾರೂ ಹೇಳಬೇಕಾಗಿಲ್ಲ. ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ತಪ್ಪಿದರೆ ಯಾರು ಹೊಣೆ ಎಂಬುದನ್ನು ಕಾನೂನಿನಲ್ಲಿ ಬರೆಯಿರಿ ಎಂದು ಕೇಳಿದರೆ ಸಾಕು. ಅಲ್ಲಿಯವರೆಗೆ ನಮ್ಮ ಪತ್ರಿಕೆಗಳು ಶಿವನ ಕಣ್ಣನ್ನು ಪೋಲೀಸ್ ಠಾಣೆಗೆ ಕಡ ಕೊಡದಿರುವುದು ಒಳ್ಳೆಯದು.