‘ದಿ ಕ್ರೂ’ ಸತ್ತದ್ದು ಯಾರ ಅನಿವಾರ್ಯತೆಗೆ?

ಯೂಬಿಸಾಫ್ಟ್ ಕಂಪನಿಯ ಕಾರ್ ರೇಸಿಂಗ್ ಗೇಮ್ ‘ದಿ ಕ್ರೂ’ 2014ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. 2024ರ ಮಾರ್ಚ್ 31ರಂದು ಅದರ ಸರ್ವರ್‌ಗಳನ್ನು ನಿಲ್ಲಿಸಲಾಯಿತು; ಅಲ್ಲಿಗೆ ದುಡ್ಡು ಕೊಟ್ಟು ಕೊಂಡವರಿಗೂ ಅದು ಇಲ್ಲವಾಯಿತು. ಇದರಿಂದ ಹುಟ್ಟಿದ, ಗೇಮ್‌ಗಳನ್ನು ನಿಲ್ಲಿಸುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದು ಕಂಪನಿಗಳನ್ನು ಕೇಳುವ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಬಗ್ಗೆ, ಅದರ ಯುರೋಪಿಯನ್ ಅರ್ಜಿ 2025ರ ಜುಲೈನಲ್ಲಿ 10 ಲಕ್ಷ ಸಹಿಗಳ ಗಡಿ ದಾಟಿದ್ದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಸರಿಯಾಗಿ ಪರೀಕ್ಷೆಗೆ ಒಳಗಾಗದೆ ಉಳಿದಿರುವುದು ಕಂಪನಿಗಳ ವಾದಕ್ಕೆ ಸಿಕ್ಕಿರುವ ಮರ್ಯಾದೆ. ಗಿರಾಕಿಗಳ ಸಿಟ್ಟು ನ್ಯಾಯವಾದದ್ದೇ, ಆದರೆ ತಾಂತ್ರಿಕವಾಗಿ ಬೇರೆ ದಾರಿಯಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ತಿಳಿದವರ ಲಕ್ಷಣ ಎನ್ನುವಂತಾಗಿದೆ. ಈ ಅನಿವಾರ್ಯತೆಯನ್ನು ಕಂಪನಿಗಳೇ ಕಟ್ಟಿ ನಿಲ್ಲಿಸಿವೆ ಎಂಬುದು ನನ್ನ ವಾದ.

ಮೊದಲು ಆಟದ ಒಳಗೆ ಹೋಗಿ ನೋಡಬೇಕು. ಸೋದರನ ಕೊಲೆಯ ಸುಳ್ಳು ಆರೋಪ ಹೊತ್ತ ಅಲೆಕ್ಸ್ ಟೇಲರ್, ಎಫ್‌ಬಿಐ ಪರವಾಗಿ ರೇಸಿಂಗ್ ಗ್ಯಾಂಗೊಂದರೊಳಗೆ ನುಸುಳುವ ಸವಕಲು ಕತೆ ಅದರದು. ಅದರ ನಿಜವಾದ ಆಕರ್ಷಣೆ ನಕ್ಷೆ: ಇಡೀ ಅಮೆರಿಕವನ್ನು ಕುಗ್ಗಿಸಿ ಹಾಸಿದ್ದರು. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಕಾರು ಓಡಿಸಲು ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ನಡುವೆ ಲೋಡಿಂಗ್ ಪರದೆಯ ಅಡ್ಡಿಯಿರಲಿಲ್ಲ. ಈ ಕತೆಯನ್ನು ಮೊದಲಿಂದ ಕೊನೆಯವರೆಗೆ ಒಬ್ಬರೇ ಆಡಬಹುದಿತ್ತು. ಬೇಕಾದರೆ ಮೂವರು ಗೆಳೆಯರನ್ನು ಸೇರಿಸಿಕೊಳ್ಳಬಹುದಿತ್ತು. ಆದರೆ ಒಬ್ಬರೇ ಆಡುವಾಗಲೂ ಸರ್ವರ್ ಸಂಪರ್ಕ ಕಡ್ಡಾಯ. ಎದುರಾಳಿಯಾಗಿ ಕಂಪ್ಯೂಟರ್ ಮಾತ್ರ ಇರುವ ರೇಸಿಗೂ ದೂರದ ಸರ್ವರ್‌ನ ಅನುಮತಿ ಬೇಕಿತ್ತು. ಹಾಗಾಗಿ ಸರ್ವರ್ ನಿಂತಾಗ ಗೆಳೆಯರ ಕೂಟ ಮಾತ್ರ ಹೋಗಲಿಲ್ಲ, ನಕ್ಷೆ, ಕತೆ, ಕೊಂಡ ಕಾರುಗಳು ಎಲ್ಲ ಹೋದವು. ಡಿಸ್ಕ್ ಇಟ್ಟುಕೊಂಡವರಿಗೂ ಆಡಲು ಆಗಲಿಲ್ಲ. ಸಾಲದ್ದಕ್ಕೆ ಆಟಗಾರರ ಖಾತೆಗಳಲ್ಲಿದ್ದ ಪರವಾನಗಿಯನ್ನೂ ಕಂಪನಿ ಹಿಂತೆಗೆದುಕೊಂಡಿತು.

ಇದಕ್ಕೆ ಕಂಪನಿ ಕೊಟ್ಟ ಕಾರಣ ಎರಡು: ಸರ್ವರ್ ವ್ಯವಸ್ಥೆಯ ಮಿತಿ ಮತ್ತು ಪರವಾನಗಿಗಳ ಮಿತಿ. ಎರಡನೆಯದನ್ನು ಮೊದಲು ನೋಡೋಣ. ನಿಜವಾದ ಕಾರುಗಳನ್ನು ಗೇಮಿನಲ್ಲಿ ತೋರಿಸಲು ತಯಾರಕರ ಅನುಮತಿ ಬೇಕು, ಅದಕ್ಕೆ ಅವಧಿ ಇರುತ್ತದೆ, ಒಪ್ಪೋಣ. ಆದರೆ ಅವಧಿ ಮುಗಿದರೆ ನಿಲ್ಲಬೇಕಾದದ್ದು ಹೊಸ ಮಾರಾಟ. ಮೈಕ್ರೋಸಾಫ್ಟ್ ತನ್ನ ‘ಫೋರ್ಜಾ ಹೊರೈಜನ್ 3’ನ್ನು 2020ರಲ್ಲಿ, ‘ಫೋರ್ಜಾ ಹೊರೈಜನ್ 4’ನ್ನು 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದ ತೆಗೆಯಿತು. ಅವುಗಳಲ್ಲೂ ಇರುವುದು ನಿಜವಾದ ಕಾರುಗಳೇ. ಆದರೆ ಮೊದಲೇ ಕೊಂಡವರಿಂದ ಯಾರೂ ಆಟ ಕಿತ್ತುಕೊಳ್ಳಲಿಲ್ಲ. ಹಾಗಾದರೆ ಪರವಾನಗಿಯ ಕಾರಣ ‘ದಿ ಕ್ರೂ’ ಅಂಗಡಿಯಿಂದ ಮರೆಯಾದದ್ದನ್ನು ವಿವರಿಸುತ್ತದೆ, ಕೊಂಡವರ ಮನೆಯಿಂದ ಮರೆಯಾದದ್ದನ್ನು ವಿವರಿಸುವುದಿಲ್ಲ.

ಸರ್ವರ್ ಕಾರಣದ ಪರವಾಗಿ ಬಂದಿರುವ ಅತ್ಯಂತ ಅಧಿಕೃತ ಮಾತೆಂದರೆ ಉದ್ಯಮದ ಸಂಘಟನೆ ‘ವಿಡಿಯೋ ಗೇಮ್ಸ್ ಯುರೋಪ್’ 2025ರ ಜುಲೈನಲ್ಲಿ ಕೊಟ್ಟ ಹೇಳಿಕೆ. ಚಿಕ್ಕ ಹೇಳಿಕೆ, ಆದರೆ ಅದರೊಳಗಿನ ನಡೆಗಳನ್ನು ಬಿಡಿಸಿ ನೋಡುವುದು ಲಾಭದಾಯಕ. ಆಟಗಾರರೇ ಖಾಸಗಿ ಸರ್ವರ್ ನಡೆಸಿಕೊಳ್ಳಲಿ ಎಂಬ ಸಲಹೆಗೆ ಅದು ಹೇಳುವುದು ಇದು: ಅಲ್ಲಿ ಆಟಗಾರರ ಮಾಹಿತಿಗೆ ರಕ್ಷಣೆ ಇರುವುದಿಲ್ಲ, ಕಾನೂನುಬಾಹಿರ ವಿಷಯಗಳನ್ನು ತೆಗೆದುಹಾಕುವ ಏರ್ಪಾಡು ಇರುವುದಿಲ್ಲ, ಕೊನೆಗೆ ಹೊಣೆ ಹಕ್ಕುದಾರರ ಮೇಲೆ ಬೀಳುತ್ತದೆ. ಹತ್ತಾರು ಜನ ಸೇರಿ ಹರಟುವ ಆಟಕ್ಕೆ ಈ ಮಾತು ಅಷ್ಟಿಷ್ಟು ಅನ್ವಯಿಸಬಹುದು. ಒಬ್ಬರೇ ಕೂತು ಅಲೆಕ್ಸ್ ಟೇಲರ್‌ನ ಸೇಡಿನ ಕತೆ ಆಡುವಾಗ ಯಾರ ಮಾಹಿತಿ ಸೋರುತ್ತದೆ? ಯಾರು ಯಾರನ್ನು ಬೈಯುತ್ತಾರೆ? ಮುಂದಿನ ನಡೆ ಇನ್ನೂ ಕುತೂಹಲದ್ದು. ಅನೇಕ ಗೇಮ್‌ಗಳು ಬುಡದಿಂದಲೇ ಆನ್‌ಲೈನ್‌ಗೆಂದು ವಿನ್ಯಾಸಗೊಂಡಿವೆ ಎನ್ನುತ್ತದೆ ಹೇಳಿಕೆ; ಅಂದರೆ ಈಗ ಏನೂ ಮಾಡಲಾಗದು. ಅದರ ಬೆನ್ನಿಗೇ, ಚಳವಳಿಯ ಬೇಡಿಕೆಗಳು ಗೇಮ್ ತಯಾರಕರ ಆಯ್ಕೆಯನ್ನು ಮೊಟಕುಗೊಳಿಸುತ್ತವೆ, ವೆಚ್ಚವನ್ನು ವಿಪರೀತ ಏರಿಸುತ್ತವೆ ಎಂಬ ದೂರು. ವಿನ್ಯಾಸ ಒಮ್ಮೆ ಕೈಮೀರಿದ ಸಂಗತಿ, ಇನ್ನೊಮ್ಮೆ ಕಾಪಾಡಿಕೊಳ್ಳಬೇಕಾದ ಆಯ್ಕೆ. ಆಯ್ಕೆಯಾಗಿದ್ದರೆ ಅದರ ಪರಿಣಾಮಕ್ಕೆ ಆಯ್ದವರೇ ಹೊಣೆ. ಮಾರುವ ದಿನ ನಾವು ಆರಿಸಿಕೊಂಡೆವು, ನಿಲ್ಲಿಸುವ ದಿನ ತಂತ್ರಜ್ಞಾನ ಆರಿಸಿತು ಎನ್ನಲು ಬರುವುದಿಲ್ಲ.

ಈ ಅನಿವಾರ್ಯತೆಯನ್ನು ಸುಳ್ಳು ಮಾಡಲು ವಾದವೂ ಬೇಕಿಲ್ಲ, ಘಟನೆಗಳೇ ಸಾಕು. ವೆಲನ್ ಸ್ಟುಡಿಯೋಸ್‌ನ ‘ನಾಕೌಟ್ ಸಿಟಿ’ ಜನ ಸೇರಿ ಆಡುವ ಆನ್‌ಲೈನ್ ಆಟವೇ. 2023ರಲ್ಲಿ ಸರ್ವರ್ ಮುಚ್ಚುವಾಗ ಕಂಪನಿ ಖಾಸಗಿ ಸರ್ವರ್ ನಡೆಸಬಹುದಾದ ಆವೃತ್ತಿಯನ್ನು ಪುಕ್ಕಟೆಯಾಗಿ ಕೊಟ್ಟುಹೋಯಿತು. ಯೂಬಿಸಾಫ್ಟ್ ಕೂಡ ಗಲಾಟೆ ಜೋರಾದ ಮೇಲೆ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ವ್ಯವಸ್ಥೆ ಮಾಡುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿ, 2025ರಲ್ಲಿ ಮಾಡಿಯೂ ತೋರಿಸಿತು. ಅದೇ ವರ್ಷ ಅಭಿಮಾನಿಗಳ ತಂಡವೊಂದು ಕಂಪನಿಯ ಯಾವ ನೆರವೂ ಇಲ್ಲದೆ ಸರ್ವರ್‌ಗೆ ಬದಲಿ ರೂಪಿಸಿ, ಸತ್ತಿದ್ದ ಮೊದಲ ‘ದಿ ಕ್ರೂ’ವನ್ನೂ ಪಿಸಿಯಲ್ಲಿ ಓಡಿಸಿತು. ಮೂಲ ಕೋಡ್ ಕೈಯಲ್ಲಿದ್ದವರಿಗೆ ಆಗದ್ದು ಅದಿಲ್ಲದವರಿಗೆ ಆಯಿತು ಎಂದರೆ ಕೊರತೆ ತಂತ್ರಜ್ಞಾನದ್ದಾಗಿರಲಿಲ್ಲ.

ಇಷ್ಟಿದ್ದೂ ವಾದ ದಾರಿ ತಪ್ಪಿರುವುದಕ್ಕೆ ಎರಡೂ ಕಡೆಯ ಮಾತುಗಾರರು ಕಾರಣ. ಗೇಮ್ ಕಂಪನಿ ಬ್ಲಿಜಾರ್ಡ್‌ನಲ್ಲಿ ಕೆಲಸ ಮಾಡಿದ್ದ, ‘ಪೈರೇಟ್ ಸಾಫ್ಟ್‌ವೇರ್’ ಹೆಸರಿನಲ್ಲಿ ಪ್ರಸಿದ್ಧರಾದ ಜೇಸನ್ ಹಾಲ್ 2024ರಲ್ಲಿ ಈ ಚಳವಳಿಯ ಬೇಡಿಕೆ ಅಸ್ಪಷ್ಟ, ಆನ್‌ಲೈನ್ ಗೇಮ್‌ಗಳಿಗೆ ಮಾರಕ ಎಂದು ಟೀಕಿಸಿದರು. ಅವರ ಮಾತು ಹಬ್ಬಿದಂತೆ, ಕಂಪನಿಗಳು ಸರ್ವರ್‌ಗಳನ್ನು ಎಂದೆಂದಿಗೂ ನಡೆಸಬೇಕೆಂದು ಚಳವಳಿಗಾರರು ಕೇಳುತ್ತಿದ್ದಾರೆ ಎಂಬ ಭಾವನೆ ಬೇರೂರಿತು. ಅರ್ಜಿಯನ್ನು ಓದಿದರೆ ಇದು ನಿಲ್ಲುವುದಿಲ್ಲ: ಗೇಮಿನ ಒಡೆತನವಾಗಲಿ, ಬೌದ್ಧಿಕ ಹಕ್ಕಾಗಲಿ ಬೇಡ, ಆಡುವ ಸ್ಥಿತಿಯಲ್ಲಿ ಬಿಟ್ಟುಹೋದ ಮೇಲೆ ಕಂಪನಿ ಒಂದು ಪೈಸೆ ಖರ್ಚು ಮಾಡಬೇಕಿಲ್ಲ ಎಂದು ಅದರಲ್ಲೇ ಇದೆ. ಇನ್ನು ಚಳವಳಿಯ ಬೆಂಬಲಿಗರು. ಆಟಗಾರರು ಗೇಮ್ ತಮ್ಮದಲ್ಲ ಎಂಬುದಕ್ಕೆ ಒಗ್ಗಿಕೊಳ್ಳಬೇಕು ಎಂಬರ್ಥದಲ್ಲಿ ಯೂಬಿಸಾಫ್ಟ್‌ನ ಫಿಲಿಪ್ ಟ್ರೆಂಬ್ಲೇ 2024ರ ಜನವರಿಯಲ್ಲಿ ಹೇಳಿದ್ದನ್ನು ಅವರು ಬಾವುಟ ಮಾಡಿಕೊಂಡಿದ್ದಾರೆ. ಟ್ರೆಂಬ್ಲೇ ಆಗ ಮಾತಾಡುತ್ತಿದ್ದದ್ದು ತಿಂಗಳ ಚಂದಾ ಯೋಜನೆಗಳು ಬೆಳೆಯಬೇಕಾದರೆ ಏನಾಗಬೇಕು ಎಂಬುದರ ಬಗ್ಗೆ. ಆ ಸಂದರ್ಭ ಮರೆಸಿ ಒಡೆತನದ ಘೋಷಣೆ ಕೂಗಿದರೆ ಎದುರಾಳಿಗೆ ಉತ್ತರ ಸುಲಭ: ನೀವು ಕೊಂಡದ್ದು ಪರವಾನಗಿ, ಷರತ್ತಿಗೆ ಒಪ್ಪಿಗೆ ಒತ್ತಿದ್ದೀರಿ. ಅರ್ಜಿಯ ಬಲವಿರುವುದೇ ಅದು ಒಡೆತನ ಕೇಳದೆ ಇರುವುದರಲ್ಲಿ. ಅದನ್ನು ಅದರ ಭಕ್ತರೇ ಗಮನಿಸಿಲ್ಲ.

ಪರವಾನಗಿಯ ವಾದವಾದರೂ ಕಾಣುವಷ್ಟು ಗಟ್ಟಿಯಲ್ಲ. ಪರವಾನಗಿಗೂ ಅವಧಿ ಬೇಕು, ರದ್ದುಮಾಡಲು ಕಾರಣ ಬೇಕು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೂಡ ಸಕಾರಣವಿಲ್ಲದೆ ಏಕಪಕ್ಷೀಯವಾಗಿ ರದ್ದುಮಾಡಲು ಅವಕಾಶ ಕೊಡುವ ಷರತ್ತನ್ನು ಅನ್ಯಾಯದ ಕರಾರಿನ ಲಕ್ಷಣಗಳಲ್ಲಿ ಒಂದಾಗಿ ಎಣಿಸುತ್ತದೆ. 2025ರ ಜನವರಿಯಿಂದ ಜಾರಿಯಲ್ಲಿರುವ ಕ್ಯಾಲಿಫೋರ್ನಿಯಾ ಕಾಯ್ದೆ, ಮಾರುತ್ತಿರುವುದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸಿ ಎನ್ನುತ್ತದೆ. ಇದನ್ನು ಗೆಲುವೆಂದು ಮೆರೆಸಿದವರು ಆತುರಪಟ್ಟರು. ಗೇಮ್ ಎಷ್ಟು ವರ್ಷ ನಡೆಯುತ್ತದೆ ಎಂದು ತಿಳಿಸುವ ಹೊಣೆಯನ್ನು ಅದು ಹೊರಿಸಿಲ್ಲ. ಮೊದಲೇ ಎಚ್ಚರಿಸಿ ಕಿತ್ತುಕೊಂಡರೆ ತಪ್ಪಿಲ್ಲ ಎಂದಂತಾಯಿತು. ಸಾವಿರಾರು ಜನರ ಲೋಕವನ್ನು ಸರ್ವರ್‌ನಲ್ಲೇ ನಡೆಸುವ ಗೇಮ್‌ಗಳನ್ನು ಉಳಿಸುವುದು ಕಷ್ಟ, ಸಣ್ಣ ತಂಡಗಳಿಗೆ ಹೊರೆಯಾದೀತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೇ ನಿಯಮ ಹಳೆಯ ಗೇಮ್‌ಗಳಿಗೆ ಬೇಡ, ಇನ್ನು ಮುಂದೆ ತಯಾರಾಗುವುದಕ್ಕೆ ಸಾಕು. ಮೊದಲ ದಿನವೇ ಕೊನೆಯ ದಿನವನ್ನು ಯೋಚಿಸಿ ವಿನ್ಯಾಸ ಮಾಡಿದರೆ ಖರ್ಚು ಕಡಿಮೆ. ಹತ್ತು ವರ್ಷದ ಮೇಲೆ ಬಿಚ್ಚಿ ಕಟ್ಟುವುದು ದುಬಾರಿ. ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಲಾರದ ಕಂಪನಿ ಗೇಮಿನ ಆಯುಷ್ಯವನ್ನು ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಲಿ. ಮುಗಿಯುವ ದಿನವನ್ನು ಮುಚ್ಚಿಟ್ಟು ಪೂರ್ತಿ ಬೆಲೆ ವಸೂಲಿ ಮಾಡುವುದು ವ್ಯಾಪಾರದ ಜಾಣತನವೇ ಹೊರತು ತಾಂತ್ರಿಕ ಅನಿವಾರ್ಯತೆಯಲ್ಲ, ಮತ್ತು ವಿಮರ್ಶಕರು ಅದನ್ನು ಹಾಗೆಂದೇ ಕರೆಯಬೇಕು.