ಹಳೆ ಕಂಪ್ಯೂಟರಿಗೆ ಹೊಸ ಜಾಗ

ಮುಂಬಯಿಯ ಮಾಟುಂಗದ ಎಷ್ಟೋ ಕನ್ನಡ ಮನೆಗಳಲ್ಲಿ ಹಳೆಯ ಡೆಸ್ಕ್‌ಟಾಪ್ ಇನ್ನೂ ಚೆನ್ನಾಗಿ ಓಡುತ್ತಿದೆ. ತುಂಬಿಹೋಗಿರುವುದು ಹಾರ್ಡ್ ಡಿಸ್ಕ್ ಮಾತ್ರ. ಮಗಳ ಮದುವೆಯ ವಿಡಿಯೊ, ಊರಿನ ತೇರು, ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನಲ್ಲಿ ಆಡಿದ ನಾಟಕ ಎಲ್ಲ ಅದರೊಳಗಿವೆ. ಇಷ್ಟಕ್ಕೇ ಹೊಸ ಕಂಪ್ಯೂಟರ್ ಕೊಳ್ಳುವುದು ದಂಡ.

ಅಟ್ಟದ ಮೇಲೆ ಕೆಟ್ಟ ಲ್ಯಾಪ್‌ಟಾಪ್ ಇದ್ದರೆ ಅದರ 2.5 ಇಂಚಿನ ಡಿಸ್ಕ್ ಬಿಚ್ಚಿಸಿ. ಮಾಟುಂಗ ರೋಡಿನಲ್ಲಿ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಕಂಪ್ಯೂಟರ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರೋಡ್ ಹತ್ತಿರವೇ. ಅಲ್ಲಿ ಈ ಡಿಸ್ಕನ್ನು ಯುಎಸ್‌ಬಿ ಮೂಲಕ ಹೊರಗಿನಿಂದ ಜೋಡಿಸುವ ಡಬ್ಬಿ, ಅಂದರೆ ‘ಸಾಟಾ ಕೇಸ್’ ಕೇಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸ್ಕಿನ ತುದಿಯಲ್ಲಿ ಉದ್ದದ್ದೊಂದು, ಗಿಡ್ಡದ್ದೊಂದು ಕನೆಕ್ಟರ್ ಇರುತ್ತವೆ. ಕೇಸಿನೊಳಗಿನ ಜೋಡಿಗೆ ಅವನ್ನು ಸರಿಯಾಗಿ ಹೊಂದಿಸಿ ಮೆಲ್ಲಗೆ ಒತ್ತಿದರೆ ಕೂರುತ್ತದೆ. ಬಲವಂತ ಬೇಡ.

ಕಂಪ್ಯೂಟರಿಗೆ ಚುಚ್ಚಿದ ಮೇಲೆ ಕಿವಿಗೊಡಿ. ಡಿಸ್ಕ್ ಒಂದೇ ಸಮ ಗುಂಯ್ ಎಂದರೆ ಸರಿ. ಟಿಕ್ ಟಿಕ್ ಎನ್ನುತ್ತಿದ್ದರೆ ಮೊದಲು ಕರೆಂಟ್ ಸಾಲದಿರಬಹುದೇ ನೋಡಿ. ಯುಎಸ್‌ಬಿ 2.0 ಕೊಡುವುದು 500 ಮಿಲಿಆಂಪಿಯರ್ ಮಾತ್ರ. ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ, ಇಲ್ಲವೇ ಎರಡು ಪೋರ್ಟಿಗೆ ಹೋಗುವ ಕೇಬಲ್ ಬಳಸಿ. ಆಗಲೂ ಸದ್ದು ನಿಲ್ಲದಿದ್ದರೆ ಡಿಸ್ಕ್ ಸಾಯುತ್ತಿದೆ ಎಂದೇ ತಿಳಿಯಿರಿ. 3.5 ಇಂಚಿನ ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕೇ ಬೇಕು.

ವೇಗದ ಲೆಕ್ಕ ಮೊದಲೇ ಗೊತ್ತಿರಲಿ. ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುತ್ತದೆ. 100 ಜಿಬಿಗೆ ಗಂಟೆ ಹತ್ತಿರ ಬೇಕು. ರಾತ್ರಿ ಹಚ್ಚಿ ಮಲಗಬಹುದು. ಫಾರ್ಮ್ಯಾಟ್ ಮಾಡುವ ಮುನ್ನ ಡಿಸ್ಕಿನಲ್ಲಿ ಹಳೆಯ ಫೈಲ್ ಉಳಿದಿದೆಯೇ ನೋಡಿ. ವಿಂಡೋಸ್‌ಗೆ ಎನ್‌ಟಿಎಫ್‌ಎಸ್ ಆರಿಸಿ, ಏಕೆಂದರೆ ಫ್ಯಾಟ್‌32ರಲ್ಲಿ 4 ಜಿಬಿಗಿಂತ ದೊಡ್ಡ ವಿಡಿಯೊ ಹಿಡಿಸದು. ಎಕ್ಸ್‌ಪಿ ಇರುವ ಯಂತ್ರಕ್ಕೆ 2 ಟಿಬಿ ಮೀರಿದ ಡಿಸ್ಕ್ ತರಬೇಡಿ.

ಫುಟ್‌ಪಾತಿನಲ್ಲಿ ಐನೂರಕ್ಕೆ ‘2 ಟಿಬಿ’ ಎಂದು ಮಾರುವ ಡಬ್ಬಿಗಳನ್ನು ಮುಟ್ಟಲೇಬೇಡಿ. ಒಳಗೆ ಇರುವುದು ಚಿಕ್ಕ ಚಿಪ್. ತುಂಬಿದ ಮೇಲೆ ಬರೆದದ್ದೆಲ್ಲ ಹಾಳು.

ಹೊರಗಿನ ಡಿಸ್ಕ್ ಬಂದಿತೆಂದು ಒಳಗಿನ ಪ್ರತಿಯನ್ನು ಅಳಿಸುವುದು ದೊಡ್ಡ ತಪ್ಪು. ಜಾಗ ಬೇಕಾಗಿ ಅಳಿಸಲೇಬೇಕಾದರೆ ಇನ್ನೊಂದು ಡಿಸ್ಕಿಗೂ ನಕಲು ಮಾಡಿ, ಅದನ್ನು ಬೇರೆ ಮನೆಯಲ್ಲಿಡಿ. ನಾಟಕ ಮತ್ತೊಮ್ಮೆ ಆಡಬಹುದು, ಅಂದಿನ ಪಾತ್ರಧಾರಿಗಳನ್ನು ಮತ್ತೆ ಕರೆತರಲಾಗದು. ಈ ಭಾನುವಾರವೇ ಈ ಕೆಲಸ ಮುಗಿಸಿ.