ಪದ್ಯಪಾಠವೂ ಕ್ಯೂಆರ್ ಸಂಕೇತವೂ

೨೦೧೭ನೆಯ ಇಸವಿಯಲ್ಲಿ ಕೇಂದ್ರಸರ್ಕಾರವು 'ದೀಕ್ಷಾ' ಎಂಬ ಅಂತರ್ಜಾಲವೇದಿಕೆಯನ್ನು ಏರ್ಪಡಿಸಿದ ತರುವಾಯ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಕ್ಯೂಆರ್ ಸಂಕೇತವು ಅಚ್ಚಾಗತೊಡಗಿತು. ಮೊಬೈಲನ್ನು ಅದರ ಮೇಲೆ ಹಿಡಿದರೆ ಪಾಠಕ್ಕೆ ಸಂಬಂಧಿಸಿದ ದೃಶ್ಯವೋ ಪ್ರಶ್ನಾವಳಿಯೋ ತೆರೆಯುವುದು. ವಿಜ್ಞಾನಕ್ಕೆ ಇದು ಒಪ್ಪುವ ಉಪಕರಣವೇ ಸರಿ. ರಕ್ತಪರಿಚಲನೆಯನ್ನು ಚಲಚ್ಚಿತ್ರವು ತೋರಿಸುವಷ್ಟು ಸ್ಪಷ್ಟವಾಗಿ ಮಾತು ತೋರಿಸಲಾರದು.

ಹಳಗನ್ನಡ ಪದ್ಯದ ವಿಷಯವು ಬೇರೆ. ಅಲ್ಲಿ ಸಂಧಿಯನ್ನು ಬಿಡಿಸಿ, ಅನ್ವಯವನ್ನು ಕೂಡಿಸಿ, ಗಣವನ್ನು ಎಣಿಸುವ ಶ್ರಮವೇ ಪಾಠ. ಅರ್ಥವನ್ನು ಸಿದ್ಧಮಾಡಿ ಒಪ್ಪಿಸುವ ದೃಶ್ಯವು ವಿದ್ಯಾರ್ಥಿಯಿಂದ ಆ ಶ್ರಮವನ್ನೇ ಅಪಹರಿಸುವುದು. ಅದರ ಬದಲು ಗಮಕಿಯ ವಾಚನವನ್ನು ಮಾತ್ರ ಕೇಳಿಸುವುದಾದರೆ ನಾವು ಕೃತಜ್ಞರು: ಷಟ್ಪದಿಯ ನಡೆಯು ಕಿವಿಯಿಂದಲ್ಲದೆ ಬಾರದು, ಉಪಾಧ್ಯಾಯರೆಲ್ಲರಿಗೂ ಕಂಠವಿಲ್ಲ (ಈ ಲೇಖಕನಿಗಂತೂ ಇಲ್ಲ).

ಯಂತ್ರವು ಉಪಾಧ್ಯಾಯನಿಗೆ ಪೂರಕವಾಗಬೇಕಲ್ಲದೆ ಅವನ ಸ್ಥಾನವನ್ನು ಆಕ್ರಮಿಸಬಾರದೆಂದು ಯುನೆಸ್ಕೋ ಸಂಸ್ಥೆಯ ೨೦೨೩ರ ಶಿಕ್ಷಣವರದಿಯೂ ಹೇಳಿತು. ಮನೆಗೆ ಒಂದೇ ಮೊಬೈಲಿದ್ದು, ಅದೂ ಕೂಲಿಗೆ ಹೋದ ತಂದೆಯ ಜೇಬಿನಲ್ಲಿದ್ದರೆ ಪುಟದ ಮೇಲಣ ಆ ಚೌಕವು ಮಗುವಿಗೆ ಬರಿಯ ಮಸಿ. ೨೦೨೦ರಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕವು 'ವಿದ್ಯಾಗಮ'ವೆಂಬ ಹೆಸರಿನಿಂದ ಉಪಾಧ್ಯಾಯರನ್ನೇ ಮಕ್ಕಳಿದ್ದ ಊರುಕೇರಿಗಳಿಗೆ ಕಳುಹಿಸಬೇಕಾಯಿತು.